ಅಚ್ಚಿಗೆ ಬಿದ್ದ ಬಿರುಕು: ಬೆಸುಗೆಯ ಹಿಂದಿನ ಕಾವಿನ ಲೆಕ್ಕ

ಸಂಕ್ರಾಂತಿಯ ಹೊತ್ತಿಗೆ ಮನೆಗಳಲ್ಲಿ ಸಕ್ಕರೆ ಅಚ್ಚು ಮಾಡುವುದನ್ನು ನೀವು ನೋಡಿರಬಹುದು. ಮರದ ಎರಡು ಹೋಳುಗಳನ್ನು ಜೋಡಿಸಿ, ಕದಲದಂತೆ ಬಿಗಿದು, ಕಾದ ಸಕ್ಕರೆ ಪಾಕವನ್ನು ಒಳಕ್ಕೆ ಹೊಯ್ಯುತ್ತಾರೆ. ಪಾಕ ಆರಿ ಗಟ್ಟಿಯಾದ ಮೇಲೆ ಹೋಳುಗಳನ್ನು ಬಿಡಿಸಿದರೆ ಆನೆ, ಗಿಣಿ, ತೇರು ಹೊರಬರುತ್ತವೆ. ಅಚ್ಚಿನಲ್ಲಿ ಗಿಣಿಯ ಕೊಕ್ಕಿನ ಬಳಿ ಒಂದು ಚಕ್ಕೆ ಎದ್ದುಹೋಗಿದೆ ಎಂದುಕೊಳ್ಳಿ. ಆಮೇಲೆ ಆ ಅಚ್ಚಿನಿಂದ ಬರುವ ಪ್ರತಿಯೊಂದು ಗಿಣಿಯ ಕೊಕ್ಕೂ ಊದಿಕೊಂಡೇ ಬರುತ್ತದೆ. ಅಚ್ಚಿನ ದೋಷ ಅಚ್ಚಿನಲ್ಲೇ ಉಳಿಯುವುದಿಲ್ಲ. ಅದು ಹೆರುವ ಎಲ್ಲ ಮಕ್ಕಳಿಗೂ ಬರುತ್ತದೆ.

ಕಾರ್ಖಾನೆಯ ಅಚ್ಚುಗಳಿಗೂ ಇದೇ ನಿಯಮ. ನೀವು ಬರೆಯುವ ಬಾಲ್‌ಪೆನ್ನು, ಬಚ್ಚಲುಮನೆಯ ಬಕೆಟ್ಟು, ಊಟದ ಸ್ಟೀಲ್ ತಟ್ಟೆ, ಸ್ಕೂಟರ್ ಎಂಜಿನ್ನಿನ ಹೊರಕವಚ, ಇವೆಲ್ಲ ಯಾವುದೋ ಒಂದು ಅಚ್ಚಿನಿಂದ ಬಂದವು. ಒಂದೇ ಅಚ್ಚಿನಿಂದ ಸಾವಿರ, ಲಕ್ಷ ಸಂಖ್ಯೆಯಲ್ಲಿ ಬರುವುದರಿಂದಲೇ ಅವು ನಮ್ಮ ಕೈಗೆಟುಕುವ ಬೆಲೆಗೆ ಸಿಗುತ್ತವೆ. ಅಂಥ ಅಚ್ಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಯಂತ್ರ ನಿಲ್ಲುತ್ತದೆ. ಹೊಸ ಅಚ್ಚು ಮಾಡಿಸೋಣವೆಂದರೆ ಬೆಲೆ ಲಕ್ಷಗಟ್ಟಲೆ; ಕಾಯಬೇಕಾದದ್ದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಆಗ ಎಲ್ಲರ ಕಣ್ಣೂ ಬೆಸುಗೆಯವರ ಕಡೆಗೆ ತಿರುಗುತ್ತದೆ.

ಬೆಸುಗೆ, ಅಂದರೆ ವೆಲ್ಡಿಂಗ್, ಕಿರುತೆರೆಯ ಮೇಲೆ ನೋಡಲು ಚೆಂದ. ಕಣ್ಣು ಕೋರೈಸುವ ಬೆಳಕು, ಹಾರುವ ಕಿಡಿಗಳು. ಆದರೆ ಅಚ್ಚಿನ ಹಣೆಬರಹ ತೀರ್ಮಾನವಾಗುವುದು ಆ ಬೆಳಕಿನಲ್ಲಲ್ಲ. ಬೆಳಕು ಹೊತ್ತಿಕೊಳ್ಳುವ ಮುಂಚಿನ ಗಂಟೆಗಳಲ್ಲಿ ಮತ್ತು ಅದು ಆರಿದ ಮೇಲಿನ ಗಂಟೆಗಳಲ್ಲಿ. ತೆರೆಯ ಮೇಲೆ ಕಾಣದ ಆ ಭಾಗವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಅಚ್ಚು ಯಾವುದು, ಡೈ ಯಾವುದು?

ಕರಗಿದ ಪ್ಲಾಸ್ಟಿಕ್ಕನ್ನು ತುಂಬಿ ಆಕಾರ ಕೊಡುವುದನ್ನು ಕಾರ್ಖಾನೆಯವರು ಸಾಮಾನ್ಯವಾಗಿ ಮೋಲ್ಡ್ ಎನ್ನುತ್ತಾರೆ. ತಗಡನ್ನು ಒತ್ತಿ ತಟ್ಟೆ ಮಾಡುವುದು, ಕೆಂಪಗೆ ಕಾದ ಉಕ್ಕನ್ನು ಬಡಿದು ಸ್ಪ್ಯಾನರ್ ಮಾಡುವುದು, ಕರಗಿದ ಅಲ್ಯೂಮಿನಿಯಮ್ಮನ್ನು ಒತ್ತಡದಿಂದ ನುಗ್ಗಿಸಿ ಎಂಜಿನ್ನಿನ ಭಾಗ ಮಾಡುವುದು, ಈ ಕೆಲಸಗಳಿಗೆ ಬೇಕಾದದ್ದು ಡೈ. ಚಕ್ಕುಲಿ ಒರಳಿನ ತಳದಲ್ಲಿರುವ ತೂತಿನ ಬಿಲ್ಲೆಯೂ ಒಂದು ಬಗೆಯ ಡೈಯೇ. ಅದೇ ತತ್ವದಿಂದ ಅಲ್ಯೂಮಿನಿಯಮ್ ಕಿಟಕಿಯ ಪಟ್ಟಿಗಳನ್ನು ಹಿಂಡಿ ತೆಗೆಯುತ್ತಾರೆ. ಮೋಲ್ಡ್ ಆಗಲಿ, ಡೈ ಆಗಲಿ, ನಮ್ಮ ಭಾಷೆಯಲ್ಲಿ ಎರಡೂ ಅಚ್ಚೇ.

ಈ ಲೇಖನದಲ್ಲಿ ನಾವು ಮುಖ್ಯವಾಗಿ ಒಂದು ಉದಾಹರಣೆಯನ್ನು ಹಿಡಿದು ಹೋಗೋಣ: ಸ್ಕೂಟರ್ ಎಂಜಿನ್ನಿನ ಕವಚದಂಥ ಅಲ್ಯೂಮಿನಿಯಮ್ ಭಾಗವನ್ನು ಎರಕ ಹೊಯ್ಯುವ ಡೈ. ಅಚ್ಚುಗಳಲ್ಲೆಲ್ಲ ಹೆಚ್ಚು ಕಷ್ಟಪಡುವ ಅಚ್ಚುಗಳಲ್ಲಿ ಇದೂ ಒಂದು.

ಅಚ್ಚು ಏಕೆ ಕೆಡುತ್ತದೆ?

ಅಲ್ಯೂಮಿನಿಯಮ್ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಎರಕಕ್ಕೆ ಬಳಸುವ ಅಲ್ಯೂಮಿನಿಯಮ್ ಮಿಶ್ರಲೋಹದ ದ್ರವ ಸುಮಾರು 650ರಿಂದ 700 ಡಿಗ್ರಿಯಲ್ಲಿ, ಬಹಳ ವೇಗದಿಂದ ಡೈಯೊಳಕ್ಕೆ ನುಗ್ಗುತ್ತದೆ. ಡೈಯ ಮೈ ಆಗ ಇನ್ನೂರು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಲೋಹ ತಾಕಿದ ಕ್ಷಣ ಡೈಯ ಮೇಲ್ಪದರ ಥಟ್ಟನೆ ಕಾಯುತ್ತದೆ, ಹಿಗ್ಗಲು ನೋಡುತ್ತದೆ. ಕೆಳಗಿನ ದಪ್ಪ ಉಕ್ಕು ಇನ್ನೂ ತಣ್ಣಗಿರುವುದರಿಂದ ಅದನ್ನು ಹಿಗ್ಗಗೊಡುವುದಿಲ್ಲ. ಭಾಗ ಗಟ್ಟಿಯಾಗಿ ಹೊರಬಿದ್ದ ಮೇಲೆ ಡೈಯ ಮೈಗೆ ನೀರು ಬೆರೆತ ಜಾರುಕವನ್ನು ಸಿಂಪಡಿಸುತ್ತಾರೆ. ಈಗ ಮೇಲ್ಪದರ ಥಟ್ಟನೆ ತಣಿದು ಕುಗ್ಗಲು ನೋಡುತ್ತದೆ. ಒಳಗಿನ ಬಿಸಿ ಉಕ್ಕು ಅದನ್ನು ಕುಗ್ಗಗೊಡುವುದಿಲ್ಲ.

ಹೀಗೆ ಒಮ್ಮೆ ಹಿಗ್ಗಿಸಿ ಒಮ್ಮೆ ಕುಗ್ಗಿಸುವ ಆಟ ಸಾವಿರಾರು ಸಲ ನಡೆದಾಗ ಮೈಮೇಲೆ ಸಣ್ಣ ಸಣ್ಣ ಬಿರುಕುಗಳ ಬಲೆ ಮೂಡುತ್ತದೆ. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳ ಬಿರಿದು ನಿಲ್ಲುವುದನ್ನು ನೆನಪಿಸಿಕೊಳ್ಳಿ. ಸೂಕ್ಷ್ಮದರ್ಶಕದ ಕೆಳಗೆ ಹಳೆಯ ಡೈಯ ಮೈ ಹಾಗೇ ಕಾಣುತ್ತದೆ. ಇದನ್ನು ಶಾಖದ ಆಯಾಸದಿಂದ ಬಂದ ಬಿರುಕು ಎನ್ನಬಹುದು.

ಬೇರೆ ಅಚ್ಚುಗಳಿಗೆ ಬೇರೆ ಕಾಯಿಲೆ. ಪ್ಲಾಸ್ಟಿಕ್ ಅಚ್ಚಿನ ಎರಡು ಹೋಳುಗಳು ಸೇರುವ ಅಂಚು ಸವೆಯುತ್ತದೆ; ಆಗ ಬಕೆಟ್ಟಿನ ಅಂಚಿನಲ್ಲಿ ತೆಳ್ಳನೆಯ ರೆಕ್ಕೆಯಂಥ ಹೆಚ್ಚುವರಿ ಪ್ಲಾಸ್ಟಿಕ್ ಹೊರಚಾಚುತ್ತದೆ. ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ ಅಚ್ಚಿನ ಮೈಯನ್ನು ಉಜ್ಜುಕಾಗದದಂತೆ ತೇಯುತ್ತದೆ. ತಗಡು ಕತ್ತರಿಸುವ ಡೈಯ ಅಂಚು ಚಕ್ಕೆ ಎದ್ದುಹೋಗುತ್ತದೆ. ಕೆಲವೊಮ್ಮೆ ಒಳಗೆ ಉಳಿದ ಬೋಲ್ಟಿನ ಮೇಲೆ ಅಚ್ಚು ಮುಚ್ಚಿಕೊಂಡು ಮೈಗೆ ಗುಳಿ ಬೀಳುವುದೂ ಉಂಟು.

ಅಚ್ಚಿನ ಉಕ್ಕು ಗೇಟಿನ ಉಕ್ಕಲ್ಲ

ಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ ಗೇಟು, ಕಿಟಕಿಯ ಸರಳು ಬೆಸೆಯುವುದನ್ನು ನೀವು ನೋಡಿದ್ದೀರಿ. ಅದೇ ಕಡ್ಡಿ, ಅದೇ ಯಂತ್ರದಿಂದ ಡೈಯನ್ನೂ ಬೆಸೆಯಬಹುದಲ್ಲವೇ ಎಂದು ನೀವು ಕೇಳಬಹುದು. ಉತ್ತರ ಉಕ್ಕಿನ ಒಳಗಿದೆ.

ಗೇಟಿನ ಮೆದು ಉಕ್ಕಿನಲ್ಲಿ ಇಂಗಾಲದ ಪ್ರಮಾಣ ಸುಮಾರು ಶೇಕಡಾ 0.2. ಅಲ್ಯೂಮಿನಿಯಮ್ ಎರಕದ ಡೈಗಳಿಗೆ ಹೆಚ್ಚಾಗಿ ಬಳಸುವ ಎಚ್ 13 ಎಂಬ ಉಕ್ಕಿನಲ್ಲಿ ಇಂಗಾಲ ಸುಮಾರು ಶೇಕಡಾ 0.4, ಜೊತೆಗೆ ಶೇಕಡಾ 5ರಷ್ಟು ಕ್ರೋಮಿಯಂ, ಒಂದೂವರೆಯ ಹತ್ತಿರ ಮಾಲಿಬ್ಡಿನಂ, ಸುಮಾರು 1 ವೆನೇಡಿಯಂ. ಪ್ಲಾಸ್ಟಿಕ್ ಅಚ್ಚುಗಳ ಪಿ 20 ಉಕ್ಕು ಇದಕ್ಕಿಂತ ಸೌಮ್ಯ. ತಗಡು ಕತ್ತರಿಸುವ ಡಿ 2 ಉಕ್ಕಿನಲ್ಲಿ ಇಂಗಾಲ ಶೇಕಡಾ 1.5, ಕ್ರೋಮಿಯಂ 12. ಬೆಸುಗೆಗೆ ಇದು ತುಂಬ ಹಟಮಾರಿ.

ಕಮ್ಮಾರರ ಕುಲುಮೆಯನ್ನು ನೋಡಿದವರಿಗೆ ಗೊತ್ತು: ಕುಡುಗೋಲಿನ ಅಂಚನ್ನು ಕೆಂಪಗೆ ಕಾಸಿ ನೀರಿನಲ್ಲಿ ಅದ್ದಿದರೆ ಅದು ಗಡಸಾಗುತ್ತದೆ. ಕಾದಾಗ ಉಕ್ಕಿನ ಹರಳುಗಳು ಆಸ್ಟೆನೈಟ್ ಎಂಬ ರೂಪದಲ್ಲಿರುತ್ತವೆ, ಇಂಗಾಲದ ಪರಮಾಣುಗಳು ಅದರಲ್ಲಿ ಕರಗಿರುತ್ತವೆ. ಬೇಗ ತಣಿಸಿದರೆ ಇಂಗಾಲಕ್ಕೆ ಹೊರಬರಲು ಸಮಯವಿಲ್ಲದೆ ಹರಳುಗಳಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಹುಟ್ಟುವ ಗಡಸು ರೂಪಕ್ಕೆ ಜರ್ಮನಿಯ ಲೋಹವಿಜ್ಞಾನಿ ಅಡಾಲ್ಫ್ ಮಾರ್ಟೆನ್ಸ್ ಅವರ ನೆನಪಿನಲ್ಲಿ ಮಾರ್ಟೆನ್ಸೈಟ್ ಎಂಬ ಹೆಸರಿದೆ. ಅದು ಗಡಸು, ಆದರೆ ಪೆಡಸು. ಗಾಜಿನಂತೆ ಪೆಟ್ಟಿಗೆ ಸಿಡಿಯುತ್ತದೆ. ಅದಕ್ಕೇ ಗಡಸುಗೊಳಿಸಿದ ಉಕ್ಕನ್ನು ಮತ್ತೆ ಮಿತವಾಗಿ ಕಾಯಿಸಿ ಹದ ಮಾಡುತ್ತಾರೆ. ಕ್ರೋಮಿಯಂ, ಮಾಲಿಬ್ಡಿನಂ ಇರುವ ಡೈ ಉಕ್ಕಿನ ವಿಶೇಷವೇನೆಂದರೆ, ಅದನ್ನು ನೀರಿನಲ್ಲಿ ಅದ್ದಬೇಕೆಂದೇ ಇಲ್ಲ. ಸಣ್ಣ ತುಂಡನ್ನು ಬರಿಯ ಗಾಳಿಯಲ್ಲಿ ತಣಿಯಲು ಬಿಟ್ಟರೂ ಗಡಸಾಗಿಬಿಡುತ್ತದೆ.

ಗಡಸುತನವನ್ನು ಅಳೆಯಲು ಅಮೆರಿಕದ ಹ್ಯೂ ರಾಕ್‌ವೆಲ್ ಮತ್ತು ಸ್ಟ್ಯಾನ್ಲಿ ರಾಕ್‌ವೆಲ್ 1919ರಲ್ಲಿ ಪೇಟೆಂಟ್ ಪಡೆದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಒಂದು ವಜ್ರದ ಮೊನೆಯನ್ನು ಗೊತ್ತಾದ ಭಾರದಿಂದ ಒತ್ತಿ, ಎಷ್ಟು ಆಳ ಇಳಿಯಿತೆಂದು ನೋಡುತ್ತಾರೆ. ಅಲ್ಯೂಮಿನಿಯಮ್ ಎರಕದ ಡೈ ಸಾಮಾನ್ಯವಾಗಿ ರಾಕ್‌ವೆಲ್ ಸಿ ಮಾಪಕದಲ್ಲಿ 44ರಿಂದ 48ರ ಗಡಸುತನದಲ್ಲಿರುತ್ತದೆ.

ತಣ್ಣನೆಯ ಡೈಗೆ ಬೆಸುಗೆ ಹಾಕಿದರೆ

ಈಗ ಅವಸರದ ರಿಪೇರಿಯೊಂದನ್ನು ಕಲ್ಪಿಸಿಕೊಳ್ಳಿ. ಡೈಯಲ್ಲಿ ಬಿರುಕು ಕಂಡಿದೆ. ಮಾಲು ಕಳಿಸುವ ಗಡುವು ನಾಳೆ ಬೆಳಿಗ್ಗೆ. ಯಾರೋ ಒಬ್ಬರು ತಣ್ಣನೆಯ ಡೈಯ ಮೇಲೆಯೇ ಬೆಸುಗೆ ಹಾಕಿ, ಉಜ್ಜಿ ನುಣುಪು ಮಾಡಿಕೊಟ್ಟರು. ನೋಡಲು ಚೆನ್ನಾಗಿಯೇ ಇದೆ. ಆದರೆ ಒಳಗೆ ಮೂರು ಶತ್ರುಗಳು ಸೇರಿಕೊಂಡಿವೆ.

ಮೊದಲನೆಯದು ಪೆಡಸು. ಬೆಸುಗೆಯ ಜಾಗದಲ್ಲಿ ಉಕ್ಕು 1500 ಡಿಗ್ರಿಯ ಹತ್ತಿರ ಕರಗುತ್ತದೆ. ಸುತ್ತಲಿನ ನೂರಾರು ಕಿಲೋ ತಣ್ಣನೆಯ ಉಕ್ಕು ಆ ಶಾಖವನ್ನು ಕ್ಷಣದಲ್ಲಿ ಹೀರಿಕೊಳ್ಳುತ್ತದೆ. ಇದು ಕಮ್ಮಾರರು ನೀರಿನಲ್ಲಿ ಅದ್ದಿದ್ದಕ್ಕೇನೂ ಕಡಿಮೆಯಲ್ಲ. ಬೆಸುಗೆಯೂ ಅದರ ಪಕ್ಕದ ಶಾಖ ತಟ್ಟಿದ ವಲಯವೂ ಹದವಿಲ್ಲದ ಮಾರ್ಟೆನ್ಸೈಟ್ ಆಗಿಬಿಡುತ್ತವೆ.

ಎರಡನೆಯದು ಎಳೆತ. ತಣಿಯುವ ಬೆಸುಗೆ ಕುಗ್ಗಬೇಕು. ಸುತ್ತಲಿನ ಉಕ್ಕು ಬಿಡುವುದಿಲ್ಲ. ಪಿಯುಸಿಯ ಭೌತಶಾಸ್ತ್ರ ಬಲ್ಲವರು ಲೆಕ್ಕ ಹಾಕಬಹುದು. ಉಕ್ಕಿನ ಉದ್ದ ಪ್ರತಿ ಡಿಗ್ರಿಗೆ ತನ್ನ ಹತ್ತು ಲಕ್ಷದಲ್ಲಿ 12 ಪಾಲಿನಷ್ಟು ಬದಲಾಗುತ್ತದೆ. ಅದರ ಯಂಗ್ ಗುಣಾಂಕ ಸುಮಾರು 200 ಗಿಗಾಪಾಸ್ಕಲ್. ಹಿಡಿದಿಟ್ಟ ಉಕ್ಕು ಬರಿಯ 100 ಡಿಗ್ರಿ ತಣಿದರೆ ಅದರಲ್ಲಿ 240 ಮೆಗಾಪಾಸ್ಕಲ್ ಎಳೆತ ಹುಟ್ಟುತ್ತದೆ. ಮೆದು ಉಕ್ಕು ಬಾಗಿ ಶರಣಾಗುವುದು ಸುಮಾರು 250ಕ್ಕೆ. ಬೆಸುಗೆ ತಣಿಯುವುದಾದರೋ ನೂರಲ್ಲ, ಸಾವಿರಕ್ಕೂ ಹೆಚ್ಚು ಡಿಗ್ರಿ! ಮೆದು ಉಕ್ಕು ಸ್ವಲ್ಪ ಹಿಗ್ಗಿಕೊಟ್ಟು ಈ ಎಳೆತವನ್ನು ತೀರಿಸಿಕೊಳ್ಳುತ್ತದೆ. ಪೆಡಸು ಮಾರ್ಟೆನ್ಸೈಟಿಗೆ ಹಿಗ್ಗಿಕೊಡುವ ಗುಣವಿಲ್ಲ, ಅದು ಬಿರಿಯುತ್ತದೆ.

ಮೂರನೆಯದು ಜಲಜನಕ. ತೇವ ಹಿಡಿದ ಬೆಸುಗೆ ಕಡ್ಡಿ, ಎಣ್ಣೆಯ ಕೊಳೆ, ತುಕ್ಕು ಇವುಗಳಿಂದ ಬಂದ ಜಲಜನಕ ಕರಗಿದ ಉಕ್ಕಿನಲ್ಲಿ ಸೇರಿಕೊಳ್ಳುತ್ತದೆ. ಉಕ್ಕು ಗಟ್ಟಿಯಾದ ಮೇಲೆ ಅದು ನಿಧಾನವಾಗಿ ಹರಿದು ಎಳೆತ ಹೆಚ್ಚಿರುವ ಜಾಗದಲ್ಲಿ ಸೇರುತ್ತದೆ. ಆದ್ದರಿಂದ ಬಿರುಕು ಆಗಲೇ ಕಾಣಿಸಬೇಕಿಲ್ಲ. ಒಂದು ದಿನ, ಎರಡು ದಿನ ಬಿಟ್ಟು ಬರಬಹುದು. ಸಂಜೆ ಸರಿಯಾಗಿದ್ದ ಡೈ ಮರುದಿನ ಟಕ್ ಎಂದು ಸದ್ದು ಮಾಡಿ ಬಿರುಕು ಬಿಡುವುದು ಹೀಗೆ.

ಮೊದಲಿದ್ದ ಬಿರುಕಿಗಿಂತ ಈ ಹೊಸ ಬಿರುಕು ಆಳ. ಅದು ಡೈಯೊಳಗೆ ನೀರು ಹರಿಯುವ ಕೊಳವೆಯ ತನಕ ಹೋಯಿತೆಂದರೆ ಮಾತು ಹಣದ್ದಲ್ಲ, ಪ್ರಾಣದ್ದು. ಸೋರಿದ ನೀರು ಕರಗಿದ ಅಲ್ಯೂಮಿನಿಯಮ್ಮಿನ ಅಡಿಗೆ ಸಿಕ್ಕಿದರೆ ಕ್ಷಣದಲ್ಲಿ ಆವಿಯಾಗಿ ಲೋಹವನ್ನು ಸಿಡಿಸುತ್ತದೆ. ಯಂತ್ರದ ಮುಂದೆ ನಿಂತ ಕೆಲಸಗಾರರ ಕೈ, ಕಣ್ಣು, ಮುಖಗಳಿಗೆ ಬರುವ ಅಪಾಯವನ್ನು ನೀವೇ ಊಹಿಸಿ.

ಸರಿಯಾದ ರಿಪೇರಿ: ಹಂತ ಹಂತವಾಗಿ

ಅದೇ ಡೈಯನ್ನು ತಿಳಿದವರು ಹೇಗೆ ರಿಪೇರಿ ಮಾಡುತ್ತಾರೆ?

ಮೊದಲು ಪ್ರಶ್ನೆಗಳು. ಇದು ಯಾವ ಉಕ್ಕು? ಗಡಸುತನ ಎಷ್ಟು? ಎಷ್ಟು ಡಿಗ್ರಿಯಲ್ಲಿ ಹದ ಮಾಡಿದ್ದಾರೆ? ಮೈಗೆ ಸಾರಜನಕದ ಗಡಸು ಲೇಪ ಕೊಟ್ಟಿದೆಯೇ? ಕೊಟ್ಟಿದ್ದರೆ ಬೆಸೆಯುವ ಜಾಗದಲ್ಲಿ ಅದನ್ನು ಪೂರ್ತಿ ಉಜ್ಜಿ ತೆಗೆಯಬೇಕು. ಇಲ್ಲವಾದರೆ ಬೆಸುಗೆಯಲ್ಲಿ ಗುಳ್ಳೆಗಳು ಏಳುತ್ತವೆ. ಈ ಮಾಹಿತಿ ಡೈಯ ಜೊತೆಗೆ ಒಂದು ಪುಸ್ತಕದಲ್ಲಿ ಇರುವುದು ಒಳ್ಳೆಯ ಕಾರ್ಖಾನೆಯ ಲಕ್ಷಣ.

ಅನಂತರ ಬಿರುಕಿನ ಹುಡುಕಾಟ. ಮೈಯನ್ನು ಶುದ್ಧ ಮಾಡಿ ಕೆಂಪು ಬಣ್ಣದ ತೆಳು ದ್ರವವನ್ನು ಸವರುತ್ತಾರೆ. ಅದು ಬಿರುಕಿನೊಳಗೆ ಇಳಿಯುತ್ತದೆ. ಮೇಲಿನದನ್ನು ಒರೆಸಿ ಬಿಳಿಯ ಪುಡಿಯ ಲೇಪ ಹಾಕಿದರೆ, ಬಿರುಕಿನಲ್ಲಿ ಉಳಿದ ಬಣ್ಣ ಮೇಲೆದ್ದು ಬಿಳಿಯ ಮೇಲೆ ಕೆಂಪು ಗೆರೆಯಾಗಿ ಕಾಣುತ್ತದೆ. ಗೆರೆ ಮಾಯವಾಗುವ ತನಕ ಉಜ್ಜಿ ತೆಗೆಯಬೇಕು. ಬಿರುಕಿನ ಬಾಯಿ ಮುಚ್ಚಿದರೆ ಬಿರುಕು ಹೋದಂತಲ್ಲ. ತಳದಲ್ಲಿ ಉಳಿದದ್ದು ಮತ್ತೆ ಮೇಲಕ್ಕೆ ಬೆಳೆದುಬರುತ್ತದೆ. ತೋಡಿದ ಗುಳಿಯ ತಳ ದುಂಡಗಿರಬೇಕು, ಗೋಡೆಗಳು ಹೊರಕ್ಕೆ ಒರಗಿರಬೇಕು. ಚೂಪಾದ ಮೂಲೆ ಇದ್ದರೆ ಎಳೆತವೆಲ್ಲ ಅಲ್ಲಿಯೇ ಸೇರುತ್ತದೆ.

ಮೂರನೆಯ ಹಂತ ಕಾಯಿಸುವುದು. ಉರಿಯುವ ಲಾಟೀನಿನ ಗಾಜಿಗೆ ಒಂದು ಹನಿ ನೀರು ಬಿದ್ದರೆ ಗಾಜು ಸೀಳುತ್ತದೆ. ಬಿಸಿ ಮತ್ತು ತಣ್ಣನೆಯ ಭಾಗಗಳ ನಡುವಿನ ಅಂತರವೇ ಅದಕ್ಕೆ ಕಾರಣ. ಆ ಅಂತರವನ್ನು ಕಡಿಮೆ ಮಾಡಬೇಕಾದರೆ ಇಡೀ ಡೈಯನ್ನು ಮುಂಚೆಯೇ ಬಿಸಿ ಮಾಡಿಕೊಳ್ಳಬೇಕು. ಎಚ್ 13 ಡೈಯನ್ನು ಒಲೆಯಲ್ಲಿಟ್ಟು ನಿಧಾನವಾಗಿ ಸುಮಾರು 350 ಡಿಗ್ರಿಗೆ ತರುತ್ತಾರೆ. ಪಿ 20 ಅಚ್ಚಿಗಾದರೆ 200ರಿಂದ 250 ಡಿಗ್ರಿ ಸಾಕು. ಗ್ಯಾಸಿನ ಜ್ವಾಲೆಯಿಂದ ಒಂದೇ ಕಡೆ ಕಾಯಿಸುವುದಕ್ಕಿಂತ ಒಲೆಯಲ್ಲಿ ಸಮನಾಗಿ ಕಾಯಿಸುವುದು ಮೇಲು. ಗೊತ್ತಾದ ತಾಪಮಾನದಲ್ಲಿ ಕರಗುವ ಬಳಪದಂಥ ಕಡ್ಡಿಯಿಂದ ಗೆರೆ ಎಳೆದು, ಅಥವಾ ಥರ್ಮೋಕಪಲ್ ಇಟ್ಟು, ಡೈಯ ಕಾವನ್ನು ಪರೀಕ್ಷಿಸುತ್ತಾರೆ.

ಈ 350ರ ಸಂಖ್ಯೆಯ ಹಿಂದೆ ಒಂದು ಜಾಣತನವಿದೆ. ಎಚ್ 13 ಉಕ್ಕಿನಲ್ಲಿ ಮಾರ್ಟೆನ್ಸೈಟ್ ಹುಟ್ಟಲು ತೊಡಗುವುದು 300 ಡಿಗ್ರಿಗಿಂತ ತುಸು ಮೇಲೆ. ಡೈಯನ್ನು ಅದಕ್ಕಿಂತ ಬಿಸಿಯಾಗಿಯೇ ಇಟ್ಟುಕೊಂಡರೆ, ಹಾಕಿದ ಬೆಸುಗೆ ಕೆಲಸ ಮುಗಿಯುವ ತನಕ ಹಿಗ್ಗಿಕೊಡುವ ಆಸ್ಟೆನೈಟ್ ಆಗಿಯೇ ಉಳಿಯುತ್ತದೆ. ಆಮೇಲೆ ಎಲ್ಲವೂ ಒಟ್ಟಿಗೆ, ನಿಧಾನವಾಗಿ ತಣಿದು, ಒಟ್ಟಿಗೆ ಮಾರ್ಪಡುತ್ತದೆ. ಅದಕ್ಕೇ ಅರ್ಧ ಕೆಲಸ ಮಾಡಿ ಊಟಕ್ಕೆ ಹೋಗುವಾಗ ಡೈಯನ್ನು ಆರಲು ಬಿಡುವಂತಿಲ್ಲ.

ನಾಲ್ಕನೆಯದು ಬೆಸುಗೆ. ಡೈಯ ಉಕ್ಕಿಗೆ ಹೊಂದುವ ತಂತಿಯನ್ನೇ ಆರಿಸುತ್ತಾರೆ. ಗುಳಿಯ ತಳಕ್ಕೂ ಗೋಡೆಗೂ ಮೊದಲು ಕಡಿಮೆ ಕರೆಂಟಿನಲ್ಲಿ ತೆಳುವಾದ ಪದರ ಹಾಕಿ, ಅದರ ಮೇಲೆ ಸಣ್ಣ ಸಣ್ಣ ಗೆರೆಗಳನ್ನು ಪಕ್ಕಪಕ್ಕಕ್ಕೆ ಕೂರಿಸುತ್ತಾರೆ. ಪ್ರತಿ ಹೊಸ ಪದರದ ಶಾಖ ಕೆಳಗಿನ ಪದರಕ್ಕೂ ಸ್ವಲ್ಪ ಹದ ಕೊಡುತ್ತದೆ. ಕೊನೆಯ ಪದರ ಅಚ್ಚಿನ ಮೈಗಿಂತ ತುಸು ಎತ್ತರಕ್ಕೆ ಬರಬೇಕು. ಉಜ್ಜಿ ಅಳತೆಗೆ ತರಲು ಅಷ್ಟು ಬೇಕು. ಗುಳಿಯ ಹೊರಗೆ, ನುಣುಪಾದ ಮೈಮೇಲೆ ಕಿಡಿ ತಾಗಿಸುವುದು ಅಪರಾಧವೇ ಸರಿ.

ಐದನೆಯದು ತಣಿಸುವುದು ಮತ್ತು ಹದ ಮಾಡುವುದು. ಮೊದಲ ಒಂದೆರಡು ಗಂಟೆ ಗಂಟೆಗೆ 20ರಿಂದ 40 ಡಿಗ್ರಿಯಂತೆ ಇಳಿಸಿ, ಆಮೇಲೆ ಗಾಳಿಯಲ್ಲಿ ಬಿಡುತ್ತಾರೆ. ಕೈಯಿಂದ ಮುಟ್ಟಲು ಕಷ್ಟವಾಗುವಷ್ಟು ಬಿಸಿ, ಸುಮಾರು 60-70 ಡಿಗ್ರಿ, ಇರುವಾಗಲೇ ಮತ್ತೆ ಒಲೆಗೆ ಹೋಗಬೇಕು. ಈ ಸಲದ ಕಾವು ಡೈಯನ್ನು ಮೊದಲು ಹದ ಮಾಡಿದ್ದ ತಾಪಮಾನಕ್ಕಿಂತ 10ರಿಂದ 20 ಡಿಗ್ರಿ ಕಡಿಮೆ. ಹೆಚ್ಚಾದರೆ ಇಡೀ ಡೈ ಮೆತ್ತಗಾಗುತ್ತದೆ. ತೀರ ಕಡಿಮೆಯಾದರೆ ಬೆಸುಗೆ ಪೆಡಸಾಗಿಯೇ ಉಳಿಯುತ್ತದೆ. ಇದಾದ ಮೇಲೆ ಉಜ್ಜುವುದು, ಅಳತೆಗೆ ತರುವುದು, ಹೊಳಪು ಕೊಡುವುದು, ಮತ್ತೊಮ್ಮೆ ಕೆಂಪು ಬಣ್ಣದ ಪರೀಕ್ಷೆ.

ಗಮನಿಸಿ: ಕಿಡಿ ಹಾರಿದ್ದು ಐದರಲ್ಲಿ ಒಂದು ಹಂತದಲ್ಲಿ ಮಾತ್ರ.

ಬೆಸುಗೆಯ ಮೂರು ದಾರಿಗಳು

ಮೊದಲನೆಯದು ಲೇಪವಿರುವ ಕಡ್ಡಿಯ ಬೆಸುಗೆ. ಸ್ವೀಡನ್ನಿನ ಆಸ್ಕರ್ ಕೆಲ್‌ಬರ್ಗ್ ಇದರ ಮೂಲಪುರುಷ. ಹಡಗುಗಳ ಬಾಯ್ಲರುಗಳನ್ನು ಸರಿಯಾಗಿ ರಿಪೇರಿ ಮಾಡುವ ದಾರಿ ಹುಡುಕುತ್ತ ಅವರು ಈ ಕಡ್ಡಿಯನ್ನು ರೂಪಿಸಿದರು. 1904ರಲ್ಲಿ ಇಸಾಬ್ ಕಂಪನಿಯನ್ನು ಸ್ಥಾಪಿಸಿದರು. ಅಂದರೆ ಈ ವಿದ್ಯೆ ಹುಟ್ಟಿದ್ದೇ ರಿಪೇರಿಗಾಗಿ. ದೊಡ್ಡ ಡೈಗಳಲ್ಲಿ ಹೆಚ್ಚು ಲೋಹ ತುಂಬಬೇಕಾದಾಗ ಇದನ್ನು ಇಂದಿಗೂ ಬಳಸುತ್ತಾರೆ. ಕಡ್ಡಿಗಳನ್ನು ಮುಂಚೆ ಒಲೆಯಲ್ಲಿ ಒಣಗಿಸಿ, ಬಿಸಿ ಪೆಟ್ಟಿಗೆಯಲ್ಲಿಟ್ಟು ಒಂದೊಂದಾಗಿ ತೆಗೆಯಬೇಕು. ಜಲಜನಕದ ಮಾತು ನೆನಪಿದೆಯಲ್ಲವೇ?

ಎರಡನೆಯದು ಟಿಗ್ ಬೆಸುಗೆ. 3400 ಡಿಗ್ರಿಗೂ ಹೆಚ್ಚಿನ ಕಾವಿನಲ್ಲಷ್ಟೇ ಕರಗುವ ಟಂಗ್‌ಸ್ಟನ್ ಮೊನೆಯಿಂದ ವಿದ್ಯುತ್ ಚಾಪ ಹೊರಡುತ್ತದೆ. ಸುತ್ತ ಆರ್ಗಾನ್ ಅನಿಲದ ತೆರೆ. ಗಾಳಿಯ ಆಮ್ಲಜನಕ, ಸಾರಜನಕಗಳು ಒಳಗೆ ಬರುವಂತಿಲ್ಲ. ಇನ್ನೊಂದು ಕೈಯಿಂದ ತಂತಿಯನ್ನು ಹನಿಹನಿಯಾಗಿ ಕೊಡುತ್ತಾರೆ. 1941ರಲ್ಲಿ ಅಮೆರಿಕದ ನಾರ್ಥ್‌ರಾಪ್ ವಿಮಾನ ಕಂಪನಿಯ ರಸೆಲ್ ಮೆರೆಡಿತ್ ಹೀಲಿಯಂ ಅನಿಲ ಬಳಸಿ ಇದನ್ನು ರೂಢಿಗೆ ತಂದರು. ಅಚ್ಚಿನ ರಿಪೇರಿಯಲ್ಲಿ ಹೆಚ್ಚು ನಂಬಿಕೆಯ ವಿಧಾನ ಇದೇ.

ಮೂರನೆಯದು ಲೇಸರ್. 1960ರಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದರು. ಇಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಅರ್ಧ ಮಿಲಿಮೀಟರಿಗಿಂತ ತೆಳುವಾದ ತಂತಿಯನ್ನು ಲೇಸರಿನ ಸಣ್ಣ ಮಿಂಚುಗಳಿಂದ ಕರಗಿಸಿ ಅಚ್ಚಿನ ಅಂಚನ್ನು ತುಂಬುತ್ತಾರೆ. ಒಂದೊಂದು ಮಿಂಚೂ ಕೆಲವೇ ಮಿಲಿಸೆಕೆಂಡು. ಆದ್ದರಿಂದ ಸುತ್ತಲಿನ ಉಕ್ಕಿಗೆ ಶಾಖ ತಟ್ಟುವುದು ಬಹಳ ಕಡಿಮೆ. ಪ್ಲಾಸ್ಟಿಕ್ ಅಚ್ಚಿನ ನವಿರು ಅಂಚು, ಮೂಲೆಗಳಿಗೆ ಇದು ಹೇಳಿಮಾಡಿಸಿದಂತಿದೆ. ಆಳವಾದ ಗುಳಿ ತುಂಬಲು ಮಾತ್ರ ಇದು ತಕ್ಕದ್ದಲ್ಲ.

ಚರ್ಮದಂಥ ಚಿತ್ತಾರವಿರುವ ಪ್ಲಾಸ್ಟಿಕ್ ಭಾಗಗಳನ್ನು ನೀವು ಕಾರಿನೊಳಗೆ ನೋಡಿರಬಹುದು. ಅಂಥ ಅಚ್ಚಿನ ಮೈಯನ್ನು ಆಮ್ಲದಿಂದ ಕೆತ್ತಿರುತ್ತಾರೆ. ಅದಕ್ಕೆ ಹೊಂದದ ತಂತಿಯಿಂದ ಬೆಸೆದರೆ ಆಮ್ಲ ಅಲ್ಲಿ ಬೇರೆ ರೀತಿ ಕೆತ್ತುತ್ತದೆ. ಹೊಸ ಬಟ್ಟೆಗೆ ತೇಪೆ ಹಾಕಿದಂತೆ ಎದ್ದು ಕಾಣುತ್ತದೆ.

ಯಾವಾಗ ಬೇಡವೆನ್ನಬೇಕು?

ಒಳ್ಳೆಯ ಬೆಸುಗೆಗಾರ್ತಿ ಅಥವಾ ಬೆಸುಗೆಗಾರನ ಗುರುತು, ಇದನ್ನು ಬೆಸೆಯಬಾರದು ಎಂದು ಹೇಳಬಲ್ಲ ಧೈರ್ಯ. ಬಿರುಕು ನೀರಿನ ಕೊಳವೆಯನ್ನು ಮುಟ್ಟಿದ್ದರೆ, ಮೈತುಂಬ ಬಿರುಕಿನ ಬಲೆ ಹರಡಿದ್ದರೆ, ಯಾವ ಉಕ್ಕೆಂದೇ ತಿಳಿಯದಿದ್ದರೆ, ಆ ಭಾಗವನ್ನು ಕತ್ತರಿಸಿ ತೆಗೆದು ಹೊಸ ತುಂಡನ್ನು ಕೂರಿಸುವುದು ಅಥವಾ ಹೊಸ ಡೈ ಮಾಡಿಸುವುದು ಸರಿ. ಗಡುವು ಹತ್ತಿರವಿದೆ ಎಂಬುದು ಉಕ್ಕಿಗೆ ಗೊತ್ತಾಗುವುದಿಲ್ಲ.

ರಿಪೇರಿಗಿಂತ ಆರೈಕೆ ಮೇಲು

ಅಚ್ಚು ಎಷ್ಟು ಸಲ ಮುಚ್ಚಿ ತೆರೆಯಿತೆಂಬ ಲೆಕ್ಕ ಇಡಬೇಕು. ಯಂತ್ರದಿಂದ ಇಳಿಸುವಾಗ ಕೊನೆಯದಾಗಿ ಬಂದ ವಸ್ತುವನ್ನು ಅಚ್ಚಿನ ಜೊತೆಗೇ ಇಡುವುದು ಹಳೆಯ, ಒಳ್ಳೆಯ ಪದ್ಧತಿ. ಅದನ್ನು ನೋಡಿದರೆ ಎಲ್ಲಿ ಸವೆದಿದೆ, ಎಲ್ಲಿ ಗೆರೆ ಮೂಡುತ್ತಿದೆ ಎಂದು ತಿಳಿಯುತ್ತದೆ. ಹೋಳುಗಳನ್ನು ಸರಿಹೊಂದಿಸುವ ಕಂಬಗಳಿಗೆ ಗ್ರೀಸು, ಗಾಳಿ ಹೊರಹೋಗುವ ಸಂದುಗಳ ಶುಚಿ, ಇಡುವ ಮುಂಚೆ ತುಕ್ಕುನಿರೋಧಕ ಎಣ್ಣೆ ಇವು ದಿನನಿತ್ಯದ ಕೆಲಸ. ಗಡಸು ನೀರಿನ ಕೊಳವೆಬಾವಿ ಇರುವ ಕಡೆ ನೀರಿನ ದಾರಿಗಳಲ್ಲಿ ಸುಣ್ಣದ ಪದರ ಕಟ್ಟುತ್ತದೆ, ನಿಮ್ಮ ಮನೆಯ ಹಂಡೆಯಲ್ಲಿ ಕಟ್ಟುವಂತೆಯೇ. ಆಗ ಅಚ್ಚು ಸರಿಯಾಗಿ ತಣಿಯದು. ಎರಕದ ಡೈಗಳನ್ನಂತೂ ಕೆಲಸಕ್ಕೆ ಮುಂಚೆ ಬಿಸಿ ಮಾಡಿಕೊಳ್ಳಲೇಬೇಕು. ತಣ್ಣನೆಯ ಡೈಗೆ ಕರಗಿದ ಲೋಹ ಹೊಯ್ಯುವುದು ಬಿರುಕಿಗೆ ಕೊಡುವ ಆಹ್ವಾನ.

ಸುರಕ್ಷತೆ

ಬೆಸುಗೆಯ ಬೆಳಕಿನಲ್ಲಿ ಅತಿನೇರಳೆ ಕಿರಣಗಳಿವೆ. ಬರಿಗಣ್ಣಿನಿಂದ ನೋಡಿದರೆ ರಾತ್ರಿ ಕಣ್ಣಿಗೆ ಮರಳು ಬಿದ್ದಂತೆ ಉರಿಯುತ್ತದೆ. ಬೀದಿಯಲ್ಲಿ ನಿಂತು ನೋಡುವ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಆರ್ಗಾನ್ ಗಾಳಿಗಿಂತ ಭಾರ. ಗುಂಡಿಯಂಥ ಜಾಗದಲ್ಲಿ ತುಂಬಿಕೊಂಡು ಉಸಿರಿಗೆ ಬೇಕಾದ ಆಮ್ಲಜನಕವನ್ನು ಹೊರದೂಡುತ್ತದೆ. ಕೆಲವು ಅಚ್ಚುಗಳಲ್ಲಿ ಬೆರಿಲಿಯಂ ಬೆರೆತ ತಾಮ್ರದ ತುಂಡುಗಳಿರುತ್ತವೆ. ಅದರ ಧೂಳು, ಹೊಗೆ ಶ್ವಾಸಕೋಶಕ್ಕೆ ಬಹಳ ಕೆಡುಕು. 350 ಡಿಗ್ರಿ ಕಾದ ಡೈ ಕೆಂಪಗೆ ಕಾಣುವುದಿಲ್ಲ ಎಂಬುದನ್ನೂ ಮರೆಯಬೇಡಿ.

ಈ ವಿದ್ಯೆ ಕಲಿಯಬೇಕೆಂದರೆ

ಐಟಿಐಗಳಲ್ಲಿ ಒಂದು ವರ್ಷದ ವೆಲ್ಡರ್ ತರಬೇತಿಯೂ ಎರಡು ವರ್ಷದ ಟೂಲ್ ಅಂಡ್ ಡೈ ಮೇಕರ್ ತರಬೇತಿಯೂ ಇವೆ. 1972ರಲ್ಲಿ ಡೆನ್ಮಾರ್ಕಿನ ನೆರವಿನೊಂದಿಗೆ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಈಗ ರಾಜ್ಯದ ಹಲವು ಜಿಲ್ಲೆಗಳಲ್ಲಿದೆ. ಎಸ್ಸೆಸ್ಸೆಲ್ಸಿ ಮುಗಿಸಿದವರು ಅಲ್ಲಿ ಡಿಪ್ಲೊಮಾ ಸೇರಬಹುದು. 1959ರಲ್ಲಿ ಕೇರಳದ ತಲಚೇರಿ ಬಳಿಯ ನೆಟ್ಟೂರಿನಲ್ಲಿ ಆರಂಭವಾದ ಎನ್‌ಟಿಟಿಎಫ್ ಸಂಸ್ಥೆಯೂ ಬೆಂಗಳೂರಿನಲ್ಲಿ ಈ ಶಿಕ್ಷಣ ಕೊಡುತ್ತದೆ. ಕೈಯ ಹಿಡಿತ ಅಭ್ಯಾಸದಿಂದ ಬರುತ್ತದೆ. ಆದರೆ ಯಾವ ಉಕ್ಕಿಗೆ ಎಷ್ಟು ಕಾವು ಎಂಬ ತಿಳಿವಳಿಕೆ ನೀವು ಈಗ ಓದುತ್ತಿರುವ ಭೌತ, ರಸಾಯನಶಾಸ್ತ್ರಗಳಿಂದಲೇ ಆರಂಭವಾಗುತ್ತದೆ.

ನೀವೇ ಲೆಕ್ಕ ಹಾಕಿ

1. 400 ಮಿಲಿಮೀಟರ್ ಉದ್ದದ ಡೈಯನ್ನು 30ರಿಂದ 350 ಡಿಗ್ರಿಗೆ ಕಾಯಿಸಿದರೆ ಎಷ್ಟು ಉದ್ದವಾಗುತ್ತದೆ?

2. 200 ಕಿಲೋ ತೂಕದ ಆ ಡೈಯನ್ನು ಅಷ್ಟು ಕಾಯಿಸಲು ಎಷ್ಟು ಯೂನಿಟ್ ವಿದ್ಯುತ್ ಬೇಕು? ಉಕ್ಕಿನ ವಿಶಿಷ್ಟ ಶಾಖವನ್ನು ಕಿಲೋಗೆ ಡಿಗ್ರಿಗೆ 480 ಜೌಲ್ ಎಂದು ಹಿಡಿಯಿರಿ. ಒಲೆಯಿಂದ ಪೋಲಾಗುವ ಶಾಖ ಬಿಡಿ.

3. ಬೆಸುಗೆಯ ಕಷ್ಟವನ್ನು ಅಂದಾಜು ಮಾಡಲು ಇಂಗಾಲ ಸಮಾನಾಂಕವೆಂಬ ಸೂತ್ರವಿದೆ: ಇಂಗಾಲದ ಶೇಕಡಾ ಪ್ರಮಾಣಕ್ಕೆ ಮ್ಯಾಂಗನೀಸಿನ ಆರನೆಯ ಒಂದು ಭಾಗವನ್ನೂ, ಕ್ರೋಮಿಯಂ, ಮಾಲಿಬ್ಡಿನಂ, ವೆನೇಡಿಯಂಗಳ ಮೊತ್ತದ ಐದನೆಯ ಒಂದು ಭಾಗವನ್ನೂ, ನಿಕ್ಕಲ್ ಮತ್ತು ತಾಮ್ರಗಳ ಮೊತ್ತದ ಹದಿನೈದನೆಯ ಒಂದು ಭಾಗವನ್ನೂ ಕೂಡಿಸಿ. ಇದು ಕಟ್ಟಡ, ಸೇತುವೆಗಳ ಉಕ್ಕಿಗೆಂದು ಬಂದ ಸೂತ್ರ. ಡೈ ಉಕ್ಕಿಗೆ ಹೋಲಿಕೆಗಷ್ಟೇ ಬಳಸಿ. ಸುಮಾರು 0.4ರ ಒಳಗಿದ್ದರೆ ಬೆಸುಗೆ ಸುಲಭ. ಇಂಗಾಲ 0.20, ಮ್ಯಾಂಗನೀಸ್ 0.60 ಇರುವ ಮೆದು ಉಕ್ಕಿಗೂ, ಇಂಗಾಲ 0.40, ಮ್ಯಾಂಗನೀಸ್ 0.36, ಕ್ರೋಮಿಯಂ 5.0, ಮಾಲಿಬ್ಡಿನಂ 1.5, ವೆನೇಡಿಯಂ 1.0 ಇರುವ ಎಚ್ 13 ಉಕ್ಕಿಗೂ ಲೆಕ್ಕ ಹಾಕಿ ಹೋಲಿಸಿ.

ಉತ್ತರಗಳು: 1. ಸುಮಾರು 1.5 ಮಿಲಿಮೀಟರ್. 2. ಸುಮಾರು ಎಂಟೂವರೆ ಯೂನಿಟ್. 3. ಮೆದು ಉಕ್ಕಿಗೆ 0.30, ಎಚ್ 13ಕ್ಕೆ 1.96.

ಎರಡನೆಯ ಉತ್ತರವನ್ನು ಇನ್ನೊಮ್ಮೆ ನೋಡಿ. ಪೋಲಾಗುವ ಶಾಖವನ್ನು ಸೇರಿಸಿ ಅದರ ಎರಡು ಮೂರು ಪಟ್ಟು ಹಿಡಿದರೂ, ಲಕ್ಷಗಟ್ಟಲೆ ಬೆಲೆಯ ಡೈಯನ್ನೂ ಅದರ ಮುಂದೆ ನಿಲ್ಲುವವರನ್ನೂ ಕಾಪಾಡಲು ಬೇಕಾದ ವಿದ್ಯುತ್ತಿನ ಖರ್ಚು ಕೆಲವು ನೂರು ರೂಪಾಯಿ ದಾಟದು. ಉಳಿದದ್ದು ಕೆಲವು ಗಂಟೆಗಳ ತಾಳ್ಮೆ.